ಅಡ್ಡಡ್ಡ ಓಡುವ ಕಾರಿಗೆ ಕಮಾನು ಕಟ್ಟಿಸಿದ್ದು

ನನಗೆ ಸಿಟ್ಟು ಜಾಸ್ತಿ ಎಂದು ಮನೆಯಲ್ಲೂ ಕಚೇರಿಯಲ್ಲೂ ಮಾತಿದೆ. ಇರಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಈ ಕಾರಿನ ಕೆಲಸಕ್ಕೆ ಕೈ ಹಾಕಿದ ದಿನದಿಂದ ವಾರಕ್ಕೊಂದರಂತೆ ನನ್ನ ತಲೆಗೆ ಬಂದು ಬಿದ್ದವಲ್ಲ ಪ್ರಸಂಗಗಳು, ಅವು ನಿಮ್ಮ ತಲೆಗೆ ಬಿದ್ದಿದ್ದರೆ ನೀವೂ ಕೂಗಾಡುತ್ತಿದ್ದಿರಿ.

ಕಾರು ನಮ್ಮಪ್ಪನದು. ಗುಂಡ್ಲುಪೇಟೆಯಲ್ಲಿ ಬಾಡಿಗೆಗೆ ಓಡಿಸುತ್ತಿದ್ದರು. ಅವರು ಹೋದ ಮೇಲೆ ಅಣ್ಣಂದಿರಿಗೆ ಜಮೀನು ಹೋಯಿತು, ನನಗೆ ಕಾರು ಬಂತು. ಅದರ ಬಗ್ಗೆಯೂ ನನಗೆ ಸಿಟ್ಟಿದೆ, ಆದರೆ ಅದು ಬೇರೆ ವಿಷಯ. ಬಿಳಿ ಬಣ್ಣದ, ದೊಡ್ಡ ಹೊಟ್ಟೆಯ, ಹಳೇ ಕಾಲದ ಗಾಡಿ. ಇಂಜಿನ್ನು ಮುಂದೆ, ಎಳೆತ ಹಿಂದಿನ ಚಕ್ರಕ್ಕೆ.

ನನಗೆ ನಲವತ್ತೇಳು ವರ್ಷ. ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ನಮ್ಮ ಯಜಮಾನರು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾರೆ. ಅವರಿಗೆ ಸೈಕಲ್ಲೂ ಬರುವುದಿಲ್ಲ. ಹೋದ ಮಳೆಗಾಲದಲ್ಲಿ ಗುಂಡ್ಲುಪೇಟೆಯಿಂದ ಬರುತ್ತಿದ್ದಾಗ ತೆರಕಣಾಂಬಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಕೆಸರಿಗೆ ಕಾರಿನ ಹಿಂಬದಿ ಜಾರಿತು. ಇಡೀ ಕಾರು ರಸ್ತೆಗೆ ಅಡ್ಡವಾಯಿತು. ಯಜಮಾನರು ಮನೆದೇವರನ್ನು ಕೂಗಿದರು. ನಾನು ಯೋಚನೆಯನ್ನೂ ಮಾಡದೆ ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸಿ ಹಿಡಿದೆ, ಕಾರು ತಾನಾಗಿ ನೆಟ್ಟಗಾಯಿತು. ಅವರು ಮನೆ ಸೇರುವ ತನಕ ಮನೆದೇವರನ್ನು ಬಿಡಲಿಲ್ಲ. ನನಗೋ, ಇಪ್ಪತ್ತೆರಡು ವರ್ಷ ಕಡತಗಳಲ್ಲಿ ‘ಪರಿಶೀಲಿಸಿ ಮಂಡಿಸಿದೆ’ ಎಂದು ಬರೆದುಕೊಂಡೇ ಬಂದಿದ್ದ ಈ ಕೈ ಅದೇ ಮೊದಲ ಸಲ ಒಂದು ಕೆಲಸ ಮಾಡಿತು ಅನ್ನಿಸಿತು.

ಆಮೇಲೆ ಫೋನಿನಲ್ಲಿ ನೋಡಿದರೆ ಇದನ್ನೇ ಜನ ಬೇಕೆಂದೇ ಮಾಡುತ್ತಾರಂತೆ. ಡ್ರಿಫ್ಟಿಂಗ್ ಅಂತ ಹೆಸರು. ಹಿಂದಿನ ಚಕ್ರ ಜಾರಿಸಿ ಕಾರನ್ನು ಅಡ್ಡಡ್ಡ ಓಡಿಸುವುದು. ಅದಕ್ಕೆ ಗಾಡಿಯ ಸಸ್ಪೆನ್ಷನ್, ಅಂದರೆ ಚಕ್ರದ ಮೇಲೆ ಭಾರ ಹೊರುವ ಸ್ಪ್ರಿಂಗು, ಶಾಕಬ್ಸರು, ಕಮಾನು ಪಟ್ಟಿ ಇವೆಲ್ಲ ಗಟ್ಟಿ ಇರಬೇಕು. ನಮ್ಮ ಕಾರಿನದು ಮೂವತ್ತು ವರ್ಷ ಮಲಗಿದ ಹತ್ತಿಯ ಹಾಸಿಗೆಯ ಹಾಗಿತ್ತು. ಹೊರದೇಶದ ಸೆಟ್ಟು ತರಿಸಿದರೆ ಆ ದುಡ್ಡಿಗೆ ಇಂಥವೇ ನಾಲ್ಕು ಕಾರು ಬರುತ್ತವೆ. ಹಾಗಾಗಿ ಗುಜರಿಯಲ್ಲಿ ಸಿಕ್ಕಿದ್ದು, ಊರಿನ ಮೇಸ್ತ್ರಿಗಳ ಕೈಯಲ್ಲಿ ಆಗಿದ್ದು, ಅಷ್ಟರಲ್ಲೇ ಮುಗಿಸಬೇಕು ಅಂದುಕೊಂಡೆ. ಜನ ಓಡಾಡುವ ರಸ್ತೆಯಲ್ಲಿ ಈ ಆಟ ಬೇಡ. ಖಾಲಿ ಬಯಲಲ್ಲಿ ಒಂದೇ ಒಂದು ಪೂರ್ತಿ ಸುತ್ತು ಅಡ್ಡವಾಗಿ ಹೊಡೆಯಬೇಕು, ಇಷ್ಟೇ ನನ್ನ ಆಸೆ. ಇದರಲ್ಲಿ ಯಾರಿಗೆ ಏನು ತೊಂದರೆ, ನೀವೇ ಹೇಳಿ.

ಸಾರ್‌ಗೆ ಕ್ಲಿಯರ್ ಆಗಿದೆ

ಮೊದಲು ಚಾಮರಾಜನಗರದಲ್ಲೇ ಒಂದು ಬಿಡಿಭಾಗದ ಅಂಗಡಿಗೆ ಹೋದೆ. ಚೀಲ ಹಿಡಿಯಲಿ ಎಂದು ಯಜಮಾನರನ್ನೂ ಕರೆದುಕೊಂಡು ಹೋಗಿದ್ದೆ. ಅದೇ ತಪ್ಪಾಯಿತು.

“ನಮ್ಮ ಕಾರಿಗೆ ಶಾಕಬ್ಸರು ಬೇಕು. ಇರೋದಕ್ಕಿಂತ ಗಟ್ಟಿ ಇರ್ಬೇಕು, ಗೂಡ್ಸ್ ಟೆಂಪೋದು ಹೊಂದುತ್ತಾ ನೋಡಿ,” ಅಂದೆ.

ಅಂಗಡಿಯವನು ಯಜಮಾನರ ಕಡೆ ತಿರುಗಿ, “ಸಾರ್, ಯಾವ ಗಾಡಿ?” ಅಂದ.

ನಾನು ಗಾಡಿಯ ಹೆಸರು, ವರ್ಷ ಎಲ್ಲ ಹೇಳಿದೆ.

“ಸಾರ್, ಪೆಟ್ರೋಲಾ ಡೀಸೆಲ್ಲಾ?” ಮತ್ತೆ ಅವರನ್ನೇ ಕೇಳಿದ.

ಡೀಸೆಲ್ ಅಂದೆ. ಹಿಂದುಗಡೆ ಕಮಾನು ಪಟ್ಟಿ ಅಂದೆ. ಶಾಕಬ್ಸರಿನ ತುದಿಯ ಕಣ್ಣು ಎಷ್ಟು ಅಗಲ, ಅದರೊಳಗಿನ ರಬ್ಬರ್ ಬುಷ್ಷು ಯಾವ ಸೈಜು, ಎಲ್ಲ ಮನೆಯಲ್ಲಿ ಅಳೆದು ಚೀಟಿ ಬರೆದುಕೊಂಡು ಹೋಗಿದ್ದೆ. ಚೀಟಿ ಅವನ ಮುಂದೆ ಇಟ್ಟೆ. ಅವನು ಅದನ್ನು ತೆಗೆದುಕೊಂಡು, ನೋಡಿ, ಬಹಳ ಮರ್ಯಾದೆಯಿಂದ ಯಜಮಾನರ ಕೈಗೆ ಕೊಟ್ಟ.

“ಸಾರ್, ನೀವು ಹೇಳಿ. ಮುಂದಿಂದಾ, ಹಿಂದಿಂದಾ?”

ಯಜಮಾನರು ಚೀಟಿಯನ್ನು ಒಂದು ಸಲ ನೋಡಿದರು. ಗಂಟಲು ಸರಿಮಾಡಿಕೊಂಡರು. ಪಾಠ ಮಾಡುವ ಧ್ವನಿಯಲ್ಲಿ, “ಕಾರಿನದು,” ಅಂದರು.

ಅಂಗಡಿಯವನು ನನ್ನ ಕಡೆ ತಿರುಗಿ ಮೊದಲ ಸಲ ಮಾತಾಡಿದ. “ನೋಡಿ ಮೇಡಂ, ಸಾರ್‌ಗೆ ಎಷ್ಟು ಕ್ಲಿಯರ್ ಆಗಿದೆ!”

ಎಡಗಡೆ ಒಬ್ಬರದು, ಬಲಗಡೆ ಒಬ್ಬರದು

ಗುಂಡ್ಲುಪೇಟೆಯಲ್ಲಿ ಕಮಾನು ಕೆಲಸದ ಭಾಯ್ ಒಬ್ಬರಿದ್ದಾರೆ. ಅವರ ತಾತ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಕಟ್ಟುತ್ತಿದ್ದವರು, ಅವರ ತಂದೆ ಲಾರಿಗೆ ಕಮಾನು ಕಟ್ಟಿದವರು. ಇವರದೂ ಅದೇ ಕುಲುಮೆ, ಅದೇ ಸುತ್ತಿಗೆ. ಅಪ್ಪನ ಕಾರಿಗೆ ಇವರ ಕೈ ಮುಟ್ಟದ ಜಾಗವಿಲ್ಲ. ಅವರ ಹತ್ತಿರ ಹೋಗಿ ನನ್ನ ಆಸೆ ಹೇಳಿದೆ.

ಭಾಯ್ ಸುತ್ತಿಗೆ ಕೆಳಗಿಟ್ಟರು. “ಗಾಡಿ ಜಾರ್ತಾ ಇದೆ, ಸರಿ ಮಾಡ್ಕೊಡಿ ಅಂತೀರಾ ಅಕ್ಕಾ?”

“ಇಲ್ಲ ಭಾಯ್. ಸರಿಯಾಗಿ ಜಾರ್ತಾ ಇಲ್ಲ. ಜಾರೋ ಹಾಗೆ ಮಾಡ್ಕೊಡಿ.”

ಅವರು ಕೈ ಒರೆಸಿಕೊಂಡರು. ಆಮೇಲೆ ಒಳಗೆ ಹೋಗಿ ಒಂದು ಸ್ಟೂಲು ತಂದು ಹಾಕಿ, ಟೀ ತರಿಸಿ, “ಅಕ್ಕಾ, ಮನೇಲಿ ಎಲ್ಲಾ ಚೆನ್ನಾಗಿದೆ ತಾನೆ?” ಎಂದು ಮೆಲ್ಲಗೆ ಕೇಳಿದರು.

ಮೂರು ಟೀ ಆದ ಮೇಲೆ ಒಪ್ಪಿದರು. ಗುಜರಿಗೆ ಬಂದ ಯಾವುದೋ ಜೀಪಿನ ದಪ್ಪ ಪಟ್ಟಿ ತೆಗೆದು, ಕಾಯಿಸಿ, ಬಡಿದು, ಹದಗೊಳಿಸಿ ಕೂರಿಸಿಕೊಡುತ್ತೇನೆ, ಭಾನುವಾರ ಬನ್ನಿ ಅಂದರು.

ಭಾನುವಾರ ನಾವಿಬ್ಬರೂ ಬಸ್ಸಿನಲ್ಲಿ ಹೋಗಿ ಕಾರು ತೆಗೆದುಕೊಂಡು ಹೊರಟೆವು. ಊರು ದಾಟುವಷ್ಟರಲ್ಲಿ ನನಗೆ ಅನುಮಾನ ಬಂತು. ನನ್ನ ಬೆನ್ನುಮೂಳೆಗೆ ಪ್ರತಿಯೊಂದು ಕಲ್ಲಿನ ಲೆಕ್ಕವೂ ಸಿಗುತ್ತಿತ್ತು. ಗಟ್ಟಿಯಾಗಿದೆ, ಭೇಷ್ ಅಂದುಕೊಂಡೆ. ಆದರೆ ಪಕ್ಕಕ್ಕೆ ತಿರುಗಿ ನೋಡಿದರೆ ಯಜಮಾನರು ತೊಟ್ಟಿಲ ಕೂಸಿನ ಹಾಗೆ ತೂಗಾಡುತ್ತಾ ನಿದ್ದೆ ಮಾಡುತ್ತಿದ್ದಾರೆ! ಇಳಿದು ದೂರ ನಿಂತು ನೋಡಿದೆ. ಕಾರು ಎಡಕ್ಕೆ ವಾಲಿಕೊಂಡು, ಯಾರದೋ ಗುಟ್ಟು ಕೇಳುತ್ತಿರುವ ಹಾಗೆ ನಿಂತಿತ್ತು.

ಅಲ್ಲಿಂದಲೇ ಫೋನ್ ಮಾಡಿ ಕೂಗಾಡಿದೆ.

“ನಾನೇನ್ ಮಾಡ್ಲಿ ಅಕ್ಕಾ?” ಭಾಯ್ ನನಗಿಂತ ಜೋರಾಗಿ ಕೂಗಿದರು. “ಗಟ್ಟಿ ಮಾಡಿ ಅಂತ ನೀವು ಹೇಳಿ ಹೋದ್ರಿ. ಆಮೇಲೆ ಸಾರ್ ಫೋನ್ ಮಾಡಿ, ನಂಗೆ ಸೊಂಟ ನೋವು, ಆದಷ್ಟೂ ಮೆತ್ತಗೆ ಮಾಡಿ, ಅವಳಿಗೆ ಹೇಳ್ಬೇಡಿ ಅಂದ್ರು. ಇಬ್ರೂ ನಂಗೆ ಬೇಕಾದೋರೇ. ಅದಕ್ಕೇ ಬಲಗಡೆ ನಿಮ್ದು, ಎಡಗಡೆ ಅವರ್ದು!”

ಹಿಂದಿನವೆರಡು

ಪಟ್ಟಿ ಮತ್ತೆ ಬಿಚ್ಚಿಸಿದ್ದಾಯಿತು. ಈ ಸಲ ಯಜಮಾನರ ಫೋನಿನಲ್ಲಿದ್ದ ಭಾಯ್ ನಂಬರನ್ನೇ ಅಳಿಸಿಹಾಕಿದೆ.

ಕಚೇರಿಯಲ್ಲಿ ನನ್ನ ಮೇಜು ನಡುವೆ ಇದೆ. ನನ್ನ ಹಿಂದೆ ಇಬ್ಬರು ಗುಮಾಸ್ತರು, ಮುಂದೆ ಗಾಜಿನ ತಡಿಕೆಯ ಆಚೆ ಸೂಪರಿಂಟೆಂಡೆಂಟು. ಒಂದು ಮಂಗಳವಾರ ಮಧ್ಯಾಹ್ನ ಭಾಯ್ ಫೋನ್ ಮಾಡಿದರು. ಯಾವ ಶಾಕಬ್ಸರು ಬದಲಾಯಿಸಬೇಕು, ಯಾವುದು ಬಿಡಬೇಕು ಎಂದು ಕೇಳಲು. ನಾನು ಕಡತದ ಮೇಲೆ ಕಣ್ಣಿಟ್ಟುಕೊಂಡೇ ಮಾತಾಡಿದೆ. ಆಡಿದ ಮಾತು ಇಷ್ಟೇ:

“ಹೂಂ, ಸಸ್ಪೆನ್ಷನ್ ಈ ವಾರದಲ್ಲೇ ಆಗಿಹೋಗ್ಲಿ. ಹಿಂದೆ ಇರೋ ಎರಡನ್ನೂ ಮೊದ್ಲು ತೆಗೀರಿ, ಎರಡೂ ಕೆಲಸಕ್ಕೆ ಬಾರದವು, ಸುಮ್ನೆ ಜಾಗ ಹಿಡ್ಕೊಂಡು ಕೂತಿವೆ. ಮುಂದಿಂದಾ? ಅದೂ ಅಷ್ಟೇ, ಎಣ್ಣೆ ಸೋರ್ತಾ ಇದೆ, ಆದ್ರೆ ಇನ್ನೊಂದು ತಿಂಗಳು ನೋಡೋಣ.”

ಫೋನು ಇಟ್ಟೆ. ಹಿಂದಿನ ಮೇಜುಗಳಲ್ಲಿ ಯಾವಾಗಲೂ ನಡೆಯುತ್ತಿದ್ದ ಕ್ರಿಕೆಟ್ಟಿನ ಮಾತು ನಿಂತಿತ್ತು. ನಾನು ಗಮನ ಕೊಡಲಿಲ್ಲ.

ಮಾರನೆಯ ದಿನ ಹತ್ತು ಗಂಟೆಗೆ ನಾನು ಹೋಗುವ ಹೊತ್ತಿಗೆ ಆ ಇಬ್ಬರೂ ಬಂದು ಕೂತಿದ್ದರು. ಇದು ಹಿಂದೆಂದೂ ನಡೆದದ್ದಲ್ಲ. ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದ ಕಡತಗಳು ಒಂದೊಂದಾಗಿ ಇಳಿದವು. ಉಮ್ಮತ್ತೂರಿನ ಒಬ್ಬ ಹಿರಿಯರು ಮೂರು ವರ್ಷದಿಂದ ಒಂದು ಸಹಿಗಾಗಿ ಬಸ್ಸು ಹತ್ತಿ ಬರುತ್ತಿದ್ದರು. ಅವರನ್ನು ಒಳಗೆ ಕರೆದು, ಕುರ್ಚಿ ಹಾಕಿ, ಕಾಗದ ಕೈಗೆ ಕೊಟ್ಟು ಕಳಿಸಿದರು. ಅವರು ಹೆದರಿ, “ಏನ್ ಸ್ವಾಮಿ, ನಾನೇನಾದ್ರೂ ತಪ್ಪು ಮಾಡ್ಬುಟ್ನಾ?” ಅಂತ ಕೇಳಿದರು. ಸೂಪರಿಂಟೆಂಡೆಂಟರು ನನಗೆ ತಾವೇ ಎದ್ದು ಬಂದು ನಮಸ್ಕಾರ ಹೇಳಿ, ತಮ್ಮ ಟಿಫನ್ನಿನಲ್ಲಿದ್ದ ಎರಡು ಒಬ್ಬಟ್ಟು ನನ್ನ ಮೇಜಿನ ಮೇಲಿಟ್ಟರು.

ಶುಕ್ರವಾರ ಹಿಂದಿನ ಮೇಜಿನವರಲ್ಲಿ ಒಬ್ಬರು ಕಣ್ಣಲ್ಲಿ ನೀರು ತಂದುಕೊಂಡು, “ಮೇಡಂ, ನಿಮಗೆ ಮೇಲಿನೋರು ಇಷ್ಟು ಬೇಕಾದೋರು ಅಂತ ಗೊತ್ತಿರ್ಲಿಲ್ಲ. ಆರ್ಡರ್ ತಡೆಯೋಕೆ ಆಗಲ್ವಾ?” ಅಂದಾಗಲೇ ನನಗೆ ವಿಷಯ ತಿಳಿದದ್ದು.

ಅದು ನನ್ನ ಕಾರಿನ ಸಸ್ಪೆನ್ಷನ್ನಯ್ಯಾ ಎಂದು ಬಿಡಿಸಿ ಹೇಳಿದೆ. ಸೋಮವಾರದ ಹೊತ್ತಿಗೆ ಕಡತಗಳು ಮತ್ತೆ ಬೀರುವಿನ ಮೇಲಕ್ಕೆ ಹೋದವು, ಕ್ರಿಕೆಟ್ಟು ವಾಪಸ್ಸು ಬಂತು. ಅದಕ್ಕೂ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಒಂದಕ್ಕೇ. ಮೂರು ದಿನ ಮೂರೂ ಜನ ಸಸ್ಪೆಂಡ್ ಆಗುತ್ತೇವೆಂದು ನಂಬಿ ನಡುಗಿದರಲ್ಲ, ‘ಯಾಕೆ’ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ!

ಹಂಪ್ಸಿಗೊಂದು ಸಲ

ಅಷ್ಟು ಹೊತ್ತಿಗೆ ಭಾಯ್‌ಗೂ ಈ ಕೆಲಸದ ರುಚಿ ಹತ್ತಿತ್ತು. ನಾನು ಕಳಿಸಿದ ವಿಡಿಯೊಗಳನ್ನು ನೋಡಿ ನೋಡಿ, “ಅಕ್ಕಾ, ಗಾಡಿ ಎತ್ತರ ಜಾಸ್ತಿ. ಕೂರಿಸ್ಬೇಕು,” ಎಂದು ಮುಂದಿನ ಸ್ಪ್ರಿಂಗು ಬೇರೆ ಹಾಕಿ, ಹಿಂದಿನ ಪಟ್ಟಿಯ ಬಾಗು ತಗ್ಗಿಸಿ, ಕಾರನ್ನು ನಾಲ್ಕು ಬೆರಳು ಇಳಿಸಿದರು. ನೋಡಲು ಬೇಟೆಗೆ ಹೊಂಚಿ ಕೂತ ಎಮ್ಮೆಯ ಹಾಗೆ ಕಾಣುತ್ತಿತ್ತು. ನನಗೆ ಬಹಳ ಹಿಡಿಸಿತು.

ಹಂಗಳದಲ್ಲಿ ಯಜಮಾನರ ಅಕ್ಕನ ಮನೆಯಲ್ಲಿ ನಾಮಕರಣ. ಗುಂಡ್ಲುಪೇಟೆಯಿಂದ ಆ ಕಡೆ ರಸ್ತೆಯಲ್ಲಿ ಹಂಪ್ಸು ಇವೆ. ಮೊದಲನೆಯದರಲ್ಲೇ ಕಾರಿನ ಹೊಟ್ಟೆ ಕರ್ರೆಂದು ಉಜ್ಜಿತು. ಯಜಮಾನರು ತೂಕದ ಮನುಷ್ಯ. ಅವರು ಇಳಿದರೆ ಕಾರು ಒಂದು ಬೆರಳು ಏಳುತ್ತಿತ್ತು. ಸರಿ, ಪ್ರತಿ ಹಂಪ್ಸಿನ ಹತ್ತಿರ ನಾನು ನಿಲ್ಲಿಸುವುದು, ಅವರು ಇಳಿಯುವುದು, ನಾನು ದಾಟಿಸಿ ಸ್ವಲ್ಪ ಮುಂದೆ ಹೋಗಿ ನಿಲ್ಲುವುದು, ರೇಷ್ಮೆ ಪಂಚೆ ಎತ್ತಿಕೊಂಡು ಅವರು ಓಡಿಬಂದು ಹತ್ತುವುದು.

ಮೂರನೆಯ ಹಂಪ್ಸಿನಲ್ಲಿ ಪಕ್ಕದ ಚೆಂಡುಹೂವಿನ ಹೊಲದಲ್ಲಿ ಹೂ ಬಿಡಿಸುತ್ತಿದ್ದ ಹೆಂಗಸು ಎದ್ದು ನಿಂತಳು. “ಏಯ್, ಯಾಕವ್ವ ಇಂಗ್ ಮಾಡೀಯೆ? ಗಂಡನ್ನ ಅತ್ತುಸ್ಕೊಂಡು ಓಗವ್ವ. ಪಂಚೆ ಬ್ಯಾರೆ ಉಟ್ಕಂಡವ್ನೆ ಪಾಪ!”

ನಾನು ಕಿಟಕಿಯಿಂದ ತಲೆ ಹಾಕಿ, “ಹಂಪ್ಸಿಗೆ ಇಳ್ಸಿರೋದು ಕಣಮ್ಮ!” ಅಂದೆ. ಅವಳಿಗೆ ಏನು ಕೇಳಿಸಿತೋ, “ಅಂಗೆಲ್ಲಾ ಬಯ್ಬಾರ್ದು ಕಣವ್ವ,” ಅಂದಳು.

ಐದನೆಯದರಲ್ಲಿ ಬೈಕಿನಲ್ಲಿ ಬರುತ್ತಿದ್ದ ಒಬ್ಬ ರೈತರು ನಿಲ್ಲಿಸಿದರು. ಅವರು ಹಿಂದಿನ ಎರಡು ಹಂಪ್ಸಿನಿಂದಲೂ ನೋಡುತ್ತಾ ಬಂದಿದ್ದರಂತೆ. ನನಗೆ ಒಂದು ಮಾತನ್ನೂ ಆಡದೆ ಯಜಮಾನರ ಹೆಗಲ ಮೇಲೆ ಕೈ ಹಾಕಿ, “ಬನ್ನಿ ಅಣ್ಣ, ಸಂಸಾರದಲ್ಲಿ ಇದೆಲ್ಲ ಇದ್ದದ್ದೇಯ. ಬೈಕ್ ಅತ್ತಿ, ಓಗನ,” ಎಂದರು. ಯಜಮಾನರು ನನ್ನ ಕಡೆ ತಿರುಗಿಯೂ ನೋಡದೆ ಬೈಕು ಹತ್ತಿಬಿಟ್ಟರು.

ಉಳಿದ ಹಂಪ್ಸನ್ನೆಲ್ಲ ತೆವಳಿಸಿಕೊಂಡು ನಾನು ಹಂಗಳ ಮುಟ್ಟುವ ಹೊತ್ತಿಗೆ ಯಜಮಾನರ ಊಟ ಮುಗಿದು ಎಲೆ ಅಡಿಕೆ ನಡೆದಿತ್ತು. ಪಕ್ಕದ ಎಲೆಯಲ್ಲಿ ಊಟ ಮಾಡಿದ ಬೈಕಿನವರು ನನ್ನನ್ನು ಕಂಡು ಎದ್ದು ನಿಂತು, ಮನೆಯವರಿಗೆಲ್ಲ ಕೇಳುವ ಹಾಗೆ ಹೇಳಿದರು: “ನೋಡಿ, ನಾನ್ ಏಳ್ನಿಲ್ವಾ? ಅವರಾಗೇ ಉಡುಕ್ಕಂಡು ಬತ್ತಾರೆ ಅಂತ!”

ಐವತ್ತು ಸುತ್ತು

ಕೊನೆಗೆ ಕಾರು ತಯಾರಾಯಿತು. ಬಯಲು ಬೇಕಲ್ಲ. ಹರದನಹಳ್ಳಿಯ ಹತ್ತಿರ ಭಾಯ್ ಯಾರಿಂದಲೋ ಕೇಳಿ ತಿಳಿದಿದ್ದ ಒಬ್ಬ ಅಜ್ಜಿಯ ಜಮೀನಿತ್ತು. ಅದರ ಒಂದು ಮೂಲೆಯಲ್ಲಿ ಹಿಂದೆ ಇಟ್ಟಿಗೆ ಸುಡುತ್ತಿದ್ದ ಜಾಗ, ಅಗಲವಾಗಿ, ಗಟ್ಟಿಯಾಗಿ, ಮರ ಗಿಡ ಏನೂ ಇಲ್ಲದೆ ಬಿದ್ದುಕೊಂಡಿತ್ತು. ನಾನೇ ಹೋಗಿ ಅಪ್ಪಣೆ ಕೇಳಿದೆ. ಅಜ್ಜಿ ಯಾಕೆ ಏನು ಎಂದು ಕೇಳದೆ ಒಪ್ಪಿದಳು. ಇಷ್ಟು ದಿನದಲ್ಲಿ ನನ್ನನ್ನು ನೆಟ್ಟಗೆ ಮಾತಾಡಿಸಿದವಳು ಇವಳೊಬ್ಬಳೇ ಎಂದು ನಾನು ಬಗ್ಗಿ ಕಾಲು ಮುಟ್ಟಿದೆ.

“ಎಷ್ಟು ಸುತ್ತು ಒಡೀತೀಯವ್ವ?” ಅಂದಳು.

“ಒಂದು ಸುತ್ತು ಸರಿಯಾಗಿ ಬರ್ಬೇಕಾದ್ರೆ ಐವತ್ತಾದ್ರೂ ಹೊಡೀಬೇಕು ಅಜ್ಜಿ.”

“ಸಾಕಾಯ್ತದೆ ಬುಡು. ಭಾನ್ವಾರ ಬಿಸ್ಲು ಬಂದ್ಮೇಲೆ ಬಾ.”

ಭಾನುವಾರ ಹೋದೆವು. ಭಾಯ್ ಸ್ಪ್ಯಾನರಿನ ಪೆಟ್ಟಿಗೆಯೊಂದಿಗೆ ಬಂದಿದ್ದರು. ಯಜಮಾನರು, ಏನಾದರೂ ಹೊತ್ತಿಕೊಂಡರೆ ಇರಲಿ ಎಂದು ಎರಡು ಬಕೆಟ್ ನೀರು ತುಂಬಿಸಿ ಇಟ್ಟುಕೊಂಡು ದೂರದಲ್ಲಿ ನಿಂತರು. ಬಯಲು ನೋಡಿದರೆ ನೆಲವೇ ಕಾಣುವುದಿಲ್ಲ! ಉದ್ದಕ್ಕೂ ಅಗಲಕ್ಕೂ ಕಿತ್ತು ಒಣಗಿಸಿದ ಹುರುಳಿ ಗಿಡ ಹರಡಿದೆ. ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೈಯಲ್ಲಿ ಕವೆಗೋಲು ಹಿಡಿದು ನಿಂತಿದ್ದಾಳೆ.

“ಇದೇನಜ್ಜಿ ಇದು?”

“ಉಳ್ಳಿ ಕಣವ್ವ. ಎಂಗಿದ್ರೂ ಸುತ್ತು ಒಡೀತೀಯಲ್ಲ, ಅದರ ಮ್ಯಾಲೇ ಒಡಿ. ಕಾಳು ಬುಟ್ಕತ್ತದೆ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒಂದು ವರ್ಷ! ಒಂದು ವರ್ಷ ಊರೂರು ಅಲೆದು, ಗುಜರಿ ಹುಡುಕಿ, ಮೈಯೆಲ್ಲ ಗ್ರೀಸು ಮಾಡಿಕೊಂಡು, ಕಚೇರಿಯಲ್ಲಿ ನಗೆಪಾಟಲಾಗಿ ಕಟ್ಟಿಸಿದ ಕಾರು ಇವಳಿಗೆ ಒಕ್ಕಣೆಯ ಯಂತ್ರವೇ? “ಆಗಲ್ಲ ಅಜ್ಜಿ. ಇದು ಆಟದ ಗಾಡಿ. ಒಕ್ಕೋ ಗಾಡಿ ಅಲ್ಲ,” ಅಂದೆ.

“ಆಟಾನೇ ಆಡು. ನಾನೇನ್ ಬ್ಯಾಡಾ ಅಂದ್ನಾ?” ಅಂದಳು ಅಜ್ಜಿ. ಜಾಗ ಅವಳದು.

ಹಲ್ಲು ಕಚ್ಚಿಕೊಂಡು ಕಾರು ಒಳಗೆ ಬಿಟ್ಟೆ. ಎರಡನೇ ಗೇರು. ಸ್ಟೇರಿಂಗನ್ನು ಎಡಕ್ಕೆ ಎಳೆದೆ, ಹ್ಯಾಂಡ್ ಬ್ರೇಕು ಜಗ್ಗಿದೆ, ಆಕ್ಸಿಲರೇಟರು ಒತ್ತಿದೆ.

ಒಣಗಿದ ಹುರುಳಿ ಎಂಥ ಜಾರು ಅಂತ ನಿಮಗೆ ಗೊತ್ತಿದೆಯೋ ಇಲ್ಲವೋ. ಕಾರಿನ ಹಿಂಬದಿ ಬೆಣ್ಣೆಯ ಮೇಲೆ ಇಟ್ಟ ಹಾಗೆ ಬಿಟ್ಟುಕೊಂಡಿತು. ಜಾರಿದ ಕಡೆಗೆ ಸ್ಟೇರಿಂಗ್ ಹಿಡಿದೆ. ಗಟ್ಟಿ ಕಮಾನು ಒಂದಿಷ್ಟೂ ಓಲಾಡದೆ ನಿಂತಿತು. ಪಕ್ಕದ ಕಿಟಕಿಯಲ್ಲಿ ನೋಡಿಕೊಂಡು ಮುಂದೆ ಹೋಗುತ್ತಿದ್ದೇನೆ! ಒಂದು ಸುತ್ತು ಪೂರ್ತಿ ಆಯಿತು, ಎರಡಾಯಿತು, ಮೂರಾಯಿತು. ಹೊಟ್ಟು ಮೋಡದ ಹಾಗೆ ಎದ್ದಿತು, ಕಾಳು ಕಾರಿನ ತಳಕ್ಕೆ ಪಟಪಟ ಬಡಿಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂದದ್ದು ಹೊಟ್ಟಿಗೋ ಸಂತೋಷಕ್ಕೋ ನನಗೇ ಗೊತ್ತಾಗಲಿಲ್ಲ. ನಡುವೆ ಅಜ್ಜಿ ಕೈ ಎತ್ತಿ ನಿಲ್ಲಿಸಿ ಗಿಡವನ್ನೆಲ್ಲ ಮೇಲೆಕೆಳಗೆ ಮಾಡುವಳು, ನಾನು ಮತ್ತೆ ಶುರುಮಾಡುವೆ. ಐವತ್ತರ ಮೇಲೆ ಎಣಿಸುವುದನ್ನೇ ಬಿಟ್ಟೆ.

ಕಾರು ನಿಲ್ಲಿಸಿ ಇಳಿದೆ. ಯಜಮಾನರು ಓಡಿಬಂದು ಬಕೆಟ್ಟಿನ ನೀರನ್ನೇ ಕುಡಿಯಲು ಕೊಟ್ಟರು. ಭಾಯ್ ಕೆಳಗೆ ಬಗ್ಗಿ ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಎದೆ ಉಬ್ಬಿಸಿ ಎದ್ದು ನಿಂತರು. ಅಜ್ಜಿ ಕಾಳು ತೂರಿ, ಒಂದು ಚೀಲದಲ್ಲಿ ಒಂದಿಷ್ಟು ಹಾಕಿ ನನ್ನ ಕೈಗಿಟ್ಟಳು. ಆಮೇಲೆ ಕಾರಿನ ಸುತ್ತ ಒಂದು ಸಲ ಬಂದು, ದನಿ ತಗ್ಗಿಸಿ, ನೊಂದುಕೊಂಡು ಹೇಳಿದಳು:

“ಚೆಂದಾಗಿ ಒಕ್ಕಿದೆ ಕಣವ್ವ. ಆದ್ರೆ ಬೇಜಾರ್ ಮಾಡ್ಕಬ್ಯಾಡ, ನಿನ್ ಗಾಡಿ ನೆಟ್ಟಗಿಲ್ಲ. ಬರೀ ಅಡ್ಡಡ್ಡಾನೇ ಓಯ್ತದೆ. ನಾನ್ ಮೊದಲ್ನೇ ಸುತ್ತಲ್ಲೇ ನೋಡ್ದೆ. ಯಾರಾದ್ರೂ ಒಳ್ಳೆ ಮೇಸ್ತ್ರಿಗೆ ತೋರ್ಸು.”

ನಾನು ಬಾಯಿ ತೆರೆಯುವಷ್ಟರಲ್ಲಿ ಭಾಯ್ ಮುಂದೆ ಬಂದರು. ಅವರ ಮುಖ ಕೆಂಪಾಗಿತ್ತು. “ಅಜ್ಜೀ! ಅದು ಅಡ್ಡ ಹೋಗೋ ಹಾಗೆ ಮಾಡಿದ್ದೇ ನಾನು! ಒಂದು ವರ್ಷ ಕೂತು ಮಾಡಿದ್ದು, ನಾನೇ!”

ಅಜ್ಜಿ ಅವರನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದಳು:

“ಒಪ್ಕಂಡನಲ್ಲ, ಅಷ್ಟು ಸಾಕು. ಇನ್ನು ಇವನತ್ರ ಮಾತ್ರ ಓಗ್ಬ್ಯಾಡ ಕಣವ್ವ.”